ಬರಿಗುಣಿಗೆ ಆ ಹೆಸರು ಬಂದದ್ದು

ಸಿಂದಿಹಾಳದಿಂದ ತೊರೆಗಟ್ಟಿಗೆ ಹೋಗುವ ಬಸ್ಸು ತುಂಗಭದ್ರೆಯ ಸೇತುವೆ ಹತ್ತುವ ಮುನ್ನ ಒಂದು ಬೇವಿನ ಮರದ ಕೆಳಗೆ ನಿಲ್ಲುತ್ತದೆ, ಸೇತುವೆ ಇಳಿದ ಮೇಲೆ ಮತ್ತೊಮ್ಮೆ ನಿಲ್ಲುತ್ತದೆ. ಎರಡು ನಿಲುಗಡೆಗಳಿಗೂ ಹೆಸರು ಒಂದೇ, ಬರಿಗುಣಿ. ಹೀಗಾಗಿ ಹೊಸಬರು ಟಿಕೆಟ್ ಕೇಳಿದರೆ ಕಂಡಕ್ಟರ್ “ಈ ದಂಡಿದೋ, ಆ ದಂಡಿದೋ?” ಎಂದು ಕೇಳಿಯೇ ಹರಿದುಕೊಡುತ್ತಾನೆ. ಸಿಂದಿಹಾಳದ ಕಡೆಯ ಬಡಗಣ ದಂಡೆಯಲ್ಲಿ, ಹೊಳೆ ಎಷ್ಟು ಏರಿದರೂ ಮುಟ್ಟದ ದಿಬ್ಬದ ಮೇಲೆ, ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಕುಣಿ ಇದೆ. ಅದಕ್ಕೆ ನೇರ ಎದುರಾಗಿ ತೆಂಕಣ ದಂಡೆಯ ದಿಬ್ಬದ ಮೇಲೆ ಅಂಥದೇ ಇನ್ನೊಂದು ಕುಣಿ ಇದೆ. ಉದ್ದದಲ್ಲಿ ಮಾತ್ರ ಒಂದು ಗೇಣು ಹೆಚ್ಚು. ಆ ಒಂದು ಗೇಣಿನ ಮಾತನ್ನು ತೊರೆಗಟ್ಟಿಯವರು ಈಗಲೂ ಬಿಡದೆ ಹೇಳುತ್ತಾರೆ. ಎರಡೂ ಹೆಣ ಹೂಳಲೆಂದು ತೋಡಿದ ಕುಣಿಗಳು. ಎರಡರಲ್ಲೂ ಯಾರನ್ನೂ ಹೂತಿಲ್ಲ.

ಹಿಂದೆ ಒಮ್ಮೆ, ಸೇತುವೆಯ ಮಾತಿರಲಿ, ಈ ದಂಡೆಗಳಿಗೆ ಸರಿಯಾದ ಬಂಡಿಜಾಡೂ ಇಲ್ಲದಿದ್ದ ಕಾಲದಲ್ಲಿ, ಅಂಬಿಗರ ದ್ಯಾವಪ್ಪನೆಂಬವನು ಕೆಳಗಿನ ಸೀಮೆಯಿಂದ ತನ್ನ ಹರಿಗೋಲನ್ನು ತಲೆಯ ಮೇಲೆ ಹೊತ್ತು, ಹೆಂಡತಿಯನ್ನು ಹಿಂದಿಟ್ಟುಕೊಂಡು ಇಲ್ಲಿಗೆ ಬಂದನು ಎನ್ನುತ್ತಾರೆ. ಸಿಂದಿಹಾಳಕ್ಕೂ ತೊರೆಗಟ್ಟಿಗೂ ಆಗಲೇ ನಾಲ್ಕು ತಲೆಮಾರಿನ ಹಗೆ. ಹಗೆಯಿದ್ದರೂ ಹೊಳೆ ದಾಟದೆ ಇಬ್ಬರಿಗೂ ನಡೆಯುತ್ತಿರಲಿಲ್ಲ. ಸಿಂದಿಹಾಳದವರಿಗೆ ಸಂತೆ ಆಚೆ ದಂಡೆಯಲ್ಲಿತ್ತು. ತೊರೆಗಟ್ಟಿಯವರಿಗೆ ಎಣ್ಣೆಯ ಗಾಣ ಈಚೆ ದಂಡೆಯಲ್ಲಿತ್ತು. ದ್ಯಾವಪ್ಪ ಇದನ್ನು ನೋಡಿಕೊಂಡು ಯಾರ ದಂಡೆಗೂ ಹೋಗದೆ, ನಟ್ಟನಡು ಹೊಳೆಯ ಬಂಡೆಯ ಮೇಲೆ ಗುಡಿಸಲು ಹಾಕಿ, ಹರಿಗೋಲಿನ ಗೂಟವನ್ನು ಅಲ್ಲೇ ಬಂಡೆಯ ಸೀಳಿನಲ್ಲಿ ಬಡಿದನು. ದಾಟಬೇಕಾದವರು ದಂಡೆಯಲ್ಲಿ ನಿಂತು ಕೂಗಬೇಕು, ಅವನು ಬರಬೇಕು. ಅಂಬಿಗನನ್ನು ಕೂಗಿ ಕಾಯುವುದೆಂದರೆ ಇಬ್ಬರು ಗೌಡರಿಗೂ ಅವಮಾನ. ಆದರೆ ಎದುರು ದಂಡೆಯವನೂ ಹಾಗೆಯೇ ಕಾಯುತ್ತಾನಲ್ಲ ಎಂಬ ಒಂದೇ ಸಮಾಧಾನದಲ್ಲಿ ಸುಮ್ಮನಿದ್ದರು. ಸುಗ್ಗಿಯಲ್ಲಿ ಜೋಳದ ಚೀಲವನ್ನು ದಂಡೆಯ ಮೇಲಿಟ್ಟು, ಅವನು ಬರುವ ಮೊದಲೇ ತಿರುಗಿ ಹೋಗುತ್ತಿದ್ದರು. ಮೂವತ್ತು ವರ್ಷಗಳಲ್ಲಿ ಯಾವ ಊರವರೂ ಅವನನ್ನು ತಮ್ಮ ಜಗಲಿಯ ಮೇಲೆ ಕೂಡಿಸಿಕೊಳ್ಳಲಿಲ್ಲ.

ಬಂದ ಮೂರನೆಯ ವರ್ಷ ಅವನ ಹೆಂಡತಿ ಹೆಣ್ಣು ಹೆತ್ತು, ಬಾಣಂತಿತನದಲ್ಲೇ ತೀರಿಕೊಂಡಳು. ಅಂಬಿಗರಲ್ಲಿ ಹೂಳುವುದು ಪದ್ಧತಿ. ಬಂಡೆಯಲ್ಲಿ ಹೂಳುವುದೆಲ್ಲಿ? ದ್ಯಾವಪ್ಪ ಹೆಣವನ್ನು ಹರಿಗೋಲಿನಲ್ಲಿಟ್ಟುಕೊಂಡು ಮೊದಲು ಸಿಂದಿಹಾಳದ ದಂಡೆಗೆ ಹೋಗಿ ಆರು ಅಡಿ ನೆಲ ಕೇಳಿದನು. “ಊರ ಮಣ್ಣು ಊರವರಿಗೇ ಸಾಲೂದಿಲ್ಲ, ನಿಮ್ಮೂರಿಗೆ ಒಯ್ಯಿ” ಎಂದರು. ತೊರೆಗಟ್ಟಿಗೆ ಹೋದನು. “ನೀರಾಗ ಬಂದಾಕಿ ನೀರಾಗ ಹೋಗ್ಲಿ ಬಿಡೋ” ಎಂದರು. ಅವನು ಹೆಣಕ್ಕೆ ಕಲ್ಲು ಕಟ್ಟಿ ಮಡುವಿಗೆ ಬಿಟ್ಟನು. ಆ ಮೇಲೆ ಅವನು ಯಾರ ಮುಂದೂ ಆ ದಿನದ ಮಾತು ಎತ್ತಲಿಲ್ಲ. ಮಗಳು ಹುಲಿಗೆವ್ವ ದೊಡ್ಡವಳಾದ ಮೇಲೆ ಅವಳೊಬ್ಬಳಿಗೆ ಮಾತ್ರ, ಅದೂ ಸಂಜೆ ನೀರಿನಲ್ಲಿ ನೆನೆದು ಬೆಳ್ಳಗೆ ಬಿರಿದ ಪಾದಗಳನ್ನು ಬೆಂಕಿಗೆ ಹಿಡಿದು ಕೂತಾಗ, ಒಂದೇ ಮಾತು ಹೇಳುತ್ತಿದ್ದನು: “ನಿಮ್ಮವ್ವಗ ಸಿಗಲಿಲ್ಲ. ನನ್ನ ಬೆನ್ನಿಗೆ ಒಂದೀಟು ಒಣ ಮಣ್ಣು ಹತ್ತಲಿ, ಮಗಳ. ಹುಟ್ಟಿದಾಗಿಂದ ಹಸಿ ಹಸಿ.” ಹುಲಿಗೆವ್ವ ಹೂಂಗುಟ್ಟುತ್ತಿದ್ದಳು. ಎಲ್ಲಿಂದ ತರುವುದು ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆ ಕಾಲದ ಹೊಳೆಸಾಲಿನಲ್ಲಿ ಒಂದು ಕಟ್ಟಳೆ ಇತ್ತು. ಅಂಬಿಗನ ಹಿರಿಯರ ಕುಣಿ ಯಾವ ದಂಡೆಯಲ್ಲಿದೆಯೋ ಹರಿಗೋಲಿನ ಗೂಟ ಆ ದಂಡೆಗೆ. ಅವನ ಮಕ್ಕಳು ಮೊಮ್ಮಕ್ಕಳು ಆ ಊರವರು ಹೇಳಿದಾಗ ಹರಿಗೋಲು ಬಿಡಬೇಕು, ಬೇಡವೆಂದಾಗ ಕಟ್ಟಬೇಕು. ದ್ಯಾವಪ್ಪನ ಹೆಂಡತಿ ಸತ್ತಾಗ ಈ ಕಟ್ಟಳೆ ಯಾರಿಗೂ ನೆನಪಾಗಲಿಲ್ಲ. ಹೆಂಗಸಿನ ಕುಣಿಯನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ಇರಲಿಲ್ಲ ಎನ್ನುತ್ತಾರೆ. ಮೂವತ್ತು ವರ್ಷ ಕಳೆದು, ಒಂದು ದೀಪಾವಳಿಯ ಮರುವಾರ ದ್ಯಾವಪ್ಪ ಹಾಸಿಗೆ ಹಿಡಿದ ಸುದ್ದಿ ತಿಳಿದಾಗ, ಅದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು. ಅವನ ಕುಣಿ ತಮ್ಮ ನೆಲದಲ್ಲಿ ಬಿದ್ದರೆ ಹುಲಿಗೆವ್ವ ತಮ್ಮವಳು, ಹರಿಗೋಲು ತಮ್ಮದು, ಎದುರು ಊರಿನವರು ತಮ್ಮ ಅಪ್ಪಣೆಗೆ ಕಾಯುತ್ತ ಆಚೆ ದಂಡೆಯಲ್ಲಿ ಒಣಗಬೇಕು. ಇಂಥ ಸುಖವನ್ನು ಯಾವ ಹಗೆಯವನು ಬಿಟ್ಟಾನು?

ಸಿಂದಿಹಾಳದ ಗೌಡ ಸಂಕನಗೌಡನು ಒಂದು ಬೆಳಿಗ್ಗೆ ತಳವಾರ ಈರನನ್ನು ದಿಬ್ಬಕ್ಕೆ ಕರೆತಂದು, ಕೋಲಿನಿಂದ ಗೆರೆ ಎಳೆದು, ತೋಡು ಎಂದನು. ಊರ ಕುಣಿಗಳನ್ನೆಲ್ಲ ತೋಡುತ್ತಿದ್ದ ಈರನು ಗುದ್ದಲಿ ಎತ್ತದೆ ನಿಂತನು. “ಗೌಡ್ರ, ಮನಷ್ಯಾ ಇನ್ನೂ ಗಂಜಿ ಕುಡಿಯಾಕತ್ತಾನ.”

“ಕುಡೀಲಿ. ನಾವೇನು ಬ್ಯಾಡ ಅಂದೀವೇನು? ನೀ ತೋಡು.”

“ಜೀವ ಇದ್ದಾವಗ ತೋಡಿದ ಕುಣಿ ಚಲೋ ಅಲ್ಲರಿ. ಹೆಣ ದಂಡಿಗೆ ಬಂದ ಮ್ಯಾಲೆ ಬಾಯಿ ತೆಗೀಬೇಕು ಅದರದು. ಮೊದಲ ತೆಗೆದ್ರ ಹಸದು ಕುಂದರತೈತಿ.”

“ಹಸದ್ರ ನಿನ್ನ ಮಲಗಸ್ತೀನಿ, ತೋಡಲೇ!” ಎಂದು ಗೌಡನು ಕೋಲು ಎತ್ತಿದ ಮೇಲೆ ಈರನ ಗುದ್ದಲಿ ಎದ್ದಿತು.

ತೊರೆಗಟ್ಟಿಯಲ್ಲಿ ಆಗ ಗಂಡ ಸತ್ತು ಗೌಡಿಕೆ ನಡೆಸುತ್ತಿದ್ದವಳು ನೀಲಮ್ಮ ಗೌಡ್ತಿ. ಎದುರು ದಿಬ್ಬದ ಮೇಲೆ ಗುದ್ದಲಿ ಮಿಂಚುವುದನ್ನು ಬಟ್ಟೆ ಒಗೆಯಲು ಹೋದ ಹೆಂಗಸರು ನೋಡಿ ಬಂದು ಹೇಳಿದರು. ಊಟದ ಹೊತ್ತಿಗೆ ಅವಳ ಆಳುಗಳೂ ದಿಬ್ಬ ಹತ್ತಿದ್ದರು. ಅವಳು ಖುದ್ದಾಗಿ ನಿಂತು, “ಅಂಬಿಗ ಉದ್ದನ್ನ ಆಳು, ಅವರ ಕುಣಿಯಾಗ ಕಾಲು ಮಡಚಬೇಕಾದೀತು, ನೀವು ಒಂದು ಗೇಣು ಜಾಸ್ತಿ ತೆಗೀರಿ” ಎಂದು ಎದುರು ದಂಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಬಡಗಣ ದಂಡೆಯದು ಎರೆ ನೆಲ, ತೆಂಕಣದ್ದು ಕೆಮ್ಮಣ್ಣು. ಹೊತ್ತು ಮುಳುಗುವಾಗ ಹೊಳೆಯ ಎರಡು ಬದಿಗೆ ಒಂದು ಕಪ್ಪು ಗುಡ್ಡೆ, ಒಂದು ಕೆಂಪು ಗುಡ್ಡೆ ಎದ್ದಿದ್ದವು.

ಬಂಡೆಯ ಮೇಲಿದ್ದ ಹುಲಿಗೆವ್ವನಿಗೆ ಮೊದಲು ಅದು ಕಲ್ಲು ಒಡೆಯುವ ಸದ್ದು ಎನಿಸಿತು. ಆಮೇಲೆ ಎದ್ದು ನೋಡಿದಳು, ತಿಳಿಯಿತು. ಒಳಗೆ ಹೋಗಿ, ಅಪ್ಪನಿಗೆ ಕೇಳಿಸದಿರಲೆಂದು ಪಾತ್ರೆ ತಿಕ್ಕುವ ನೆಪದಲ್ಲಿ ಸದ್ದು ಮಾಡತೊಡಗಿದಳು. ದ್ಯಾವಪ್ಪ ಕಣ್ಣು ಮುಚ್ಚಿಕೊಂಡೇ, “ಎರಡೂ ಕಡಿ ತೋಡಾಕತ್ತಾರೇನ?” ಎಂದನು. ಅವಳು ಪಾತ್ರೆಯನ್ನು ಇನ್ನೂ ಜೋರಾಗಿ ತಿಕ್ಕಿದಳು. “ಬದುಕಿದ್ದಾಗ ಕುಂದ್ರಾಕ ಒಂದು ಜಗಲಿ ಇರಲಿಲ್ಲ. ಈಗ ನೋಡು, ಆಚಿಗೊಂದು ಈಚಿಗೊಂದು ಮನಿ. ದೊಡ್ಡ ಸಾವಕಾರ ಆದ್ನಲ್ಲ ನಾನು!” ಎಂದು ನಕ್ಕನು. ಆ ನಗೆ ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಹುಲಿಗೆವ್ವನಿಗೆ ನಗೆ ಬರಲಿಲ್ಲ. ಅಪ್ಪ ಕೇಳಿದ್ದ ಒಣ ಮಣ್ಣು ಕಡೆಗೂ ಎರಡೂ ದಂಡೆಗಳಲ್ಲಿ ರಾಶಿ ಬಿದ್ದಿತ್ತು. ಅದನ್ನು ಅಪ್ಪನಿಗೆ ಕೊಟ್ಟರೆ ಅವ್ವನನ್ನು ನೀರಿಗೆ ತಳ್ಳಿದವರ ಗೂಟಕ್ಕೆ ತಾನು ಕಟ್ಟಿಬೀಳಬೇಕು. ಕೊಡದಿದ್ದರೆ ಅಪ್ಪನಿಗೂ ಮಡುವೇ ಗತಿ.

ದ್ಯಾವಪ್ಪ ಮರುದಿನ ಸಾಯಲಿಲ್ಲ. ಅದರ ಮರುದಿನವೂ ಸಾಯಲಿಲ್ಲ. ಸಿಂದಿಹಾಳದವರು ಏಳು ದಿನ ಎನ್ನುತ್ತಾರೆ, ತೊರೆಗಟ್ಟಿಯವರು ಒಂಬತ್ತು ಎನ್ನುತ್ತಾರೆ. ಅಂತೂ ದಿನಗಳು ಕಳೆದವು. ಬೆಳಗಾದರೆ ಎರಡೂ ದಂಡೆಯಿಂದ ಕೂಗು ಬರುತ್ತಿತ್ತು: “ಏ ಹುಲಿಗೀ, ಹೆಂಗದಾನ ನಿಮ್ಮಪ್ಪ?” ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವಳು ಬಂಡೆಯ ಮೇಲಿಂದ, “ಎರಡು ತುತ್ತು ಉಂಡ” ಎಂದು ಕೂಗಿ ಹೇಳಿದರೆ ದಂಡೆಯವರು ಮುಖ ಸಣ್ಣ ಮಾಡಿಕೊಂಡು ತಿರುಗಿ ಹೋಗುತ್ತಿದ್ದರು. ಅಷ್ಟರಲ್ಲಿ ಈರ ಹೇಳಿದ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಬಿದ್ದು ಎರಡೂ ಊರುಗಳಲ್ಲಿ ಹರಡಿತ್ತು. ನಾಲ್ಕನೆಯ ದಿನ ಸಿಂದಿಹಾಳದ ಕುಣಿಗೆ ಸಂಕನಗೌಡನ ಹೋರಿ ಬಿದ್ದು ಕಾಲು ಮುರಿದುಕೊಂಡಿತು. ಆರನೆಯ ದಿನ ತೊರೆಗಟ್ಟಿಯಲ್ಲಿ ನೀಲಮ್ಮನ ತುಂಬುಬಸುರಿ ಸೊಸೆಗೆ ಜ್ವರ ಏರಿತು. ಕುಣಿಗಳಿಗೆ ತೆಂಗಿನಕಾಯಿ ಒಡೆದರು, ನಿಂಬೆಹಣ್ಣು ಕೊಯ್ದು ಒಗೆದರು, ಮುಳ್ಳುಕಂಟಿ ಮುಚ್ಚಿದರು. ಬೆಳಿಗ್ಗೆ ಗಾಳಿಗೆ ಕಂಟಿ ಹಾರಿಹೋಗಿ ಕುಣಿ ಮತ್ತೆ ತೆರೆದಿರುತ್ತಿತ್ತು. ಅಂಬಿಗನು ಬೇಗ ಸಾಯಲೆಂದು ಎರಡೂ ಊರಿನವರು ಒಂದೇ ದೇವರಿಗೆ ಹರಸಿಕೊಂಡದ್ದು ನಾಲ್ಕು ತಲೆಮಾರಿನಲ್ಲಿ ಅದೇ ಮೊದಲು.

ಕೊನೆಗೆ ಒಂದು ದಿನ ಬಿಸಿಲೇರುವ ಹೊತ್ತಿಗೆ ದ್ಯಾವಪ್ಪ ತೀರಿಕೊಂಡನು. ಹುಲಿಗೆವ್ವ ಅಪ್ಪನ ಮೈ ತೊಳೆದು, ಇದ್ದುದರಲ್ಲಿ ಒಗೆದ ಧೋತರ ಹೊದಿಸಿ, ಹೆಣವನ್ನು ಗುಡಿಸಲಲ್ಲೇ ಬಿಟ್ಟು, ಒಬ್ಬಳೇ ಹರಿಗೋಲು ಹತ್ತಿದಳು. ಸಿಂದಿಹಾಳದ ದಂಡೆಯಲ್ಲಿ ಹಲಗೆ ಬಾರಿಸುವವರು, ಹೂವಿನ ಹಾರ, ಊದಿನಕಡ್ಡಿ ಎಲ್ಲ ಸಜ್ಜಾಗಿದ್ದವು. ಬರಿಗೈಯಲ್ಲಿ ಬಂದವಳನ್ನು ಕಂಡು ಸಂಕನಗೌಡನ ಮುಖ ಬಿಗಿಯಿತು. ಆದರೂ ಮಾತಿಗೆ ಬೆಲ್ಲ ಹಚ್ಚಿ, “ನಿಮ್ಮಪ್ಪ ನಮ್ಮ ಹಿರಿಯಣ್ಣ ಇದ್ದಂಗ ಇದ್ದ, ತಂಗಿ. ಕುಣಿ ತಯಾರೈತಿ, ನಿನಗೂ ಊರಾಗ ಒಂದು ಮನಿ ಕೊಡತೀವಿ. ಗೂಟ ಒಂದು ಈ ದಂಡಿಗೆ ಬಡದುಬಿಡು” ಎಂದನು.

“ನಮ್ಮವ್ವ ಸತ್ತಾಗ ಅಣ್ಣ ಎಲ್ಲಿದ್ರಿ, ಗೌಡ್ರ?”

“ಅದು ನಮ್ಮಪ್ಪನ ಕಾಲದ ಮಾತು. ಸತ್ತಾವನ ಮುಂದಿಟಗೊಂಡು ಹಳೆ ಮಾತು ತೆಗೀತಿಯೇನ? ಕುಣಿ ತೋಡಿ ಎಷ್ಟು ದಿನ ಆತು ಗೊತ್ತೈತಿಲ್ಲೋ? ಅದರಾಗ ಯಾರು ಮಲಗಬೇಕು ಹೇಳು!”

“ಯಾರು ತೋಡಿಸಿದ್ರೋ ಅವರು ಮಲಗ್ರಿ” ಎಂದು ಹುಲಿಗೆವ್ವ ಹರಿಗೋಲು ತಿರುಗಿಸಿದಳು. ಹಿಂದಿನಿಂದ ಒಂದು ಕಲ್ಲು ಬಂದು ನೀರಿಗೆ ಬಿತ್ತು. ಯಾರು ಎಸೆದರೆಂದು ಅವಳು ತಿರುಗಿ ನೋಡಲಿಲ್ಲ. ತೊರೆಗಟ್ಟಿಯಲ್ಲಿ ನೀಲಮ್ಮ ಗೌಡ್ತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಬಾ ಯವ್ವಾ, ತಾಯಿಲ್ಲದ ಕೂಸು, ಇನ್ನ ನಾನಾ ನಿನಗ ತಾಯಿ” ಎಂದು ಕೈ ಚಾಚಿದಳು. “ಇದ್ದ ತಾಯಿನ್ನ ನೀರಿಗೆ ಕಳಿಸಿದವರು ನೀವ ಅಲ್ಲೇನ್ರಿ” ಎಂದು ಹುಲಿಗೆವ್ವ ಅಲ್ಲಿಯೂ ಇಳಿಯಲಿಲ್ಲ.

ಹೊಳೆಯ ನಡುವೆ ಬಂದು ಹುಟ್ಟು ಎತ್ತಿ ಕೂತಳು. ಹರಿಗೋಲು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿತ್ತು. ಒಮ್ಮೆ ಕಪ್ಪು ಗುಡ್ಡೆ ಎದುರಿಗೆ ಬರುತ್ತಿತ್ತು, ಒಮ್ಮೆ ಕೆಂಪು ಗುಡ್ಡೆ. ಅಪ್ಪನ ಮಾತನ್ನು ಅವಳು ಒಂದೊಂದಾಗಿ ನೆನೆದಳು. ಅವನು ಕೇಳಿದ್ದು ಮಣ್ಣು. ಊರನ್ನು ಅವನು ಯಾವತ್ತೂ ಕೇಳಿರಲಿಲ್ಲ. ಅವಳು ಬಂಡೆಗೆ ಹೋಗಿ, ಗುಡಿಸಲ ಹಿಂದೆ ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ಮೊಳಕಾಲಾಳದ ತಗ್ಗನ್ನು ಗುಡಿಸಿ, ಒಣಗಿದ ಆ ಕಲ್ಲಿನ ಮೇಲೆ ಅಪ್ಪನನ್ನು ತಂದು ಮಲಗಿಸಿದಳು. ಆಮೇಲೆ ಬಂಡೆಯ ತುದಿಗೆ ನಿಂತು, ಎರಡೂ ದಂಡೆಗೆ ಕೇಳುವಂತೆ ಕೂಗಿ ಹೇಳಿದಳು: “ನಮ್ಮಪ್ಪ ಇಲ್ಲೇ ಮಲಗತಾನ. ನೀವು ಅವನ ಹೆಸರಿಲೆ ತೋಡಿದ ಮಣ್ಣು ಅವಂದು. ತಂದು ಕೊಡ್ರಿ. ಹೊತ್ತು ಮುಳುಗುತನ ಕಾಯತೀನಿ. ಕೊಡದಿದ್ರ ಅವ್ವನ್ನ ಬಿಟ್ಟಲ್ಲೇ ಬಿಡತೀನಿ. ಆಮ್ಯಾಲೆ ನಿಮ್ಮ ಕುಣಿ, ನಿಮ್ಮ ಮಕ್ಕಳು.”

ಸಂಕನಗೌಡನು ಕೋಲು ಹಿಡಿದ ಹನ್ನೆರಡು ಆಳುಗಳನ್ನು ಕಪ್ಪು ಗುಡ್ಡೆಯ ಸುತ್ತ ನಿಲ್ಲಿಸಿ, ಒಂದು ಹಿಡಿ ಮಣ್ಣು ದಂಡೆ ಬಿಟ್ಟು ಹೋಗಬಾರದೆಂದನು. ಬಂಡೆಯ ಮೇಲೆ ಇಟ್ಟ ಹೆಣವನ್ನು ಹದ್ದುಗಳೇ ಹೂಳುತ್ತವೆ ಎಂದು ಅವನ ಕಡೆಯವರು ಕೂಗಿ ನಕ್ಕರು. ಹುಲಿಗೆವ್ವ ಅಪ್ಪನ ತಲೆಯ ಬದಿಗೆ ನೆರಳಾಗಿ ಕೂತಳು. ಹೊತ್ತು ನೆತ್ತಿಯಿಂದ ಇಳಿಯಿತು. ತೊರೆಗಟ್ಟಿಯ ಮನೆಯಲ್ಲಿ ಸೊಸೆಯ ನರಳಾಟ ಜೋರಾಯಿತೆಂದು ಸೂಲಗಿತ್ತಿ ದಿಬ್ಬಕ್ಕೆ ಓಡಿ ಬಂದಳು. ನೀಲಮ್ಮ ಗೌಡ್ತಿ ಕುಣಿಯನ್ನು ನೋಡಿದಳು, ಗೂಟದ ಆಸೆಯಿಂದ ತಾನೇ ಹೆಚ್ಚು ತೋಡಿಸಿದ ಆ ಒಂದು ಗೇಣನ್ನು ನೋಡಿದಳು. ಸೆರಗು ಸೊಂಟಕ್ಕೆ ಕಟ್ಟಿ, ಬುಟ್ಟಿಗೆ ಕೆಮ್ಮಣ್ಣು ತುಂಬಿ, ಗೌಡರ ಮನೆತನದಲ್ಲಿ ಯಾವ ಹೆಂಗಸೂ ಹೊರದ ಹೊರೆಯನ್ನು ತಲೆಯ ಮೇಲಿಟ್ಟು ನೀರಿಗಿಳಿದಳು. ಹುಲಿಗೆವ್ವ ಹರಿಗೋಲು ತಂದಳು, ಬುಟ್ಟಿ ಇಸಿದುಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಎನ್ನುತ್ತಾರೆ.

ಆಚೆ ದಂಡೆಯಿಂದ ಮಣ್ಣು ಹೋಗುವುದನ್ನು ಕಂಡದ್ದೇ ಸಿಂದಿಹಾಳದವರಲ್ಲಿ ಗದ್ದಲವೆದ್ದಿತು. ಅವರ ಕುಣಿ ತಣ್ಣಗಾದರೆ ಎರಡು ಕುಣಿಯ ಹಸಿವೂ ನಮ್ಮ ಮೇಲೆಯೇ ಬರುತ್ತದೆ ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಸಂಕನಗೌಡನು ಈರನ ಕಡೆ ತಿರುಗಿ, “ಏನಲೇ, ಹೌದೇನ?” ಎಂದನು. “ಕುಣಿಗೆ ಹೆಣದ ಗೊಡವಿ ಇಲ್ಲರಿ, ಗೌಡ್ರ. ತೆಗೆದ ಮಣ್ಣು ಸತ್ತಾವನ ಮ್ಯಾಲೆ ಬಿದ್ರ ಸಾಕು, ಬಾಯಿ ಕಟ್ಟತೈತಿ” ಎಂದು ಈರ ಹೇಳಿ, “ಆವತ್ತ ಹೇಳಿದ್ದೆ” ಎಂದು ಮೆಲ್ಲಗೆ ಸೇರಿಸಿದನು. ಗುಡ್ಡೆ ಕಾಯಲು ನಿಂತಿದ್ದ ಹನ್ನೆರಡು ಆಳುಗಳೇ ಕೋಲು ಬಿಸಾಡಿ ಬುಟ್ಟಿ ಹಿಡಿದರು. ಈಗ ಪೈಪೋಟಿ ಇನ್ನೊಂದು ತರಹದ್ದು. ಎದುರಿನವರ ಮಣ್ಣು ಮುಗಿಯುವ ಮೊದಲು ನಮ್ಮದು ಮುಗಿಯಬೇಕೆಂದು ಎರಡೂ ದಂಡೆಯವರು ಹುಲಿಗೆವ್ವನನ್ನು ಕೂಗಿದರು, ಬೈದರು, ಕೈ ಮುಗಿದರು. ಹೊಳೆಗೆ ಇದ್ದದ್ದು ಒಂದೇ ಹರಿಗೋಲು, ಹುಟ್ಟು ಹಾಕುವವಳು ಒಬ್ಬಳೇ. ಅವಳು ಅವಸರ ಮಾಡಲಿಲ್ಲ. ಈಚೆಯಿಂದ ಒಂದು ಹೊರೆ, ಆಚೆಯಿಂದ ಒಂದು ಹೊರೆ. ಯಾರಿಗೂ ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮೊದಲೆರಡು ಹೊರೆಗಳನ್ನು ಅಪ್ಪನ ಬೆನ್ನಡಿಗೆ ಹಾಸಿದಳು. ಉಳಿದ ಎರೆಮಣ್ಣನ್ನು ಅವನ ಎಡಗಡೆಗೂ ಕೆಮ್ಮಣ್ಣನ್ನು ಬಲಗಡೆಗೂ ಸುರಿದಳು. ಮುಖದ ಮೇಲಿನ ಮಣ್ಣನ್ನು ಮಾತ್ರ ಬುಟ್ಟಿಯಿಂದ ಸುರಿಯದೆ, ಎರಡನ್ನೂ ಬೆರೆಸಿ, ಹೆಂಟೆ ಒಡೆದು, ಹಿಡಿಹಿಡಿಯಾಗಿ ಹಾಕಿದಳು. ಹೊತ್ತು ಮುಳುಗುವ ಮೊದಲೇ ಎರಡೂ ದಂಡೆ ಬರಿದಾದವು. ಆ ಸಂಜೆ ನೀಲಮ್ಮನ ಸೊಸೆ ಗಂಡು ಹೆತ್ತಳು ಎಂದು ತೊರೆಗಟ್ಟಿಯವರು ಹೇಳುತ್ತಾರೆ. ಅದು ಹೆಣ್ಣು ಎಂದು ಸಿಂದಿಹಾಳದವರು ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಎರಡೂ ಊರಿನವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಕುಣಿಗಳನ್ನು ಮುಚ್ಚಬೇಕು, ಮುಚ್ಚಲು ಮಣ್ಣಿಲ್ಲ. ಬೇರೆ ಕಡೆಯಿಂದ ತರೋಣವೆಂದರೆ, ತೆಗೆದ ಜಾಗದಲ್ಲಿ ಮತ್ತೊಂದು ಕುಣಿ ಬೀಳುತ್ತದೆ, ಅದನ್ನು ಮುಚ್ಚಲು ಇನ್ನೊಂದು. “ಹಿಂಗ ತೋಡಕೋತ ಹೋದ್ರ ಊರಿಗೂರ ಒಂದು ಕುಣಿ ಆದೀತು” ಎಂದು ಈರ ಗುದ್ದಲಿ ಮುಟ್ಟಲಿಲ್ಲ. ಊರಲ್ಲಿ ಯಾರಾದರೂ ಸತ್ತಾಗ ಅದರಲ್ಲೇ ಹೂಳಿದರಾಯಿತು ಎಂದು ಕೆಲವರು ಹೇಳಿದರು. ಆದರೆ ಅಂಬಿಗನು ಬೇಡವೆಂದು ಬಿಟ್ಟ ಕುಣಿಯಲ್ಲಿ ನಮ್ಮ ತಂದೆಯನ್ನೋ, ನಮ್ಮ ತಾಯಿಯನ್ನೋ ಮಲಗಿಸಬೇಕೆ ಎಂದು ಪ್ರತಿ ಮನೆಯವರೂ ಮುಖ ತಿರುಗಿಸಿದರು. ಹೀಗೆ ಅವು ಬರಿದಾಗಿಯೇ ಉಳಿದವು. ಹೊಳೆ ದಾಟುವ ಆ ಘಟ್ಟಕ್ಕೆ ಬರಿಗುಣಿ ಎಂಬ ಹೆಸರು ನಿಂತಿತು. ಹರಿಗೋಲಿನ ಗೂಟ ಬಂಡೆಯಲ್ಲೇ ಇತ್ತು. ಹುಲಿಗೆವ್ವ ಬದುಕಿರುವವರೆಗೆ, ಕೂಗಿದವರನ್ನು ದಾಟಿಸಿದಳು. ಯಾರನ್ನೂ ಬೇಡವೆನ್ನಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ.

ಬೇಸಗೆಯಲ್ಲಿ ನೀರಿಳಿದಾಗ ಸೇತುವೆಯ ಕಟಕಟೆಗೆ ಒರಗಿ ನೋಡಿದರೆ ನಡುಬಂಡೆಯ ಮೇಲೆ ಕಲ್ಲು ಕಟ್ಟಿದ ಒಂದು ಸಣ್ಣ ದಿಣ್ಣೆ ಕಾಣುತ್ತದೆ. ದೊಡ್ಡ ಹೊಳೆ ಬಂದ ವರ್ಷಗಳಲ್ಲಿ ಅದರ ಮಣ್ಣು ಬಹಳ ಮಟ್ಟಿಗೆ ಕೊಚ್ಚಿಹೋಗಿದೆ. ಉಳಿದದ್ದರಲ್ಲಿ ಕಪ್ಪು ಯಾವುದು, ಕೆಂಪು ಯಾವುದು ಎಂದು ಈಗ ಹೇಳುವುದು ಕಷ್ಟ. ದಂಡೆಯ ಕುಣಿಗಳ ಅಂಚು ಕುಸಿಯದಂತೆ ಮುಂದಿನ ಕಾಲದವರು ಸುತ್ತ ಕಲ್ಲು ಕೂಡಿಸಿದ್ದಾರೆ, ದನ ಬೀಳದಂತೆ ಬೇಲಿ ಹಾಕಿದ್ದಾರೆ. ಈ ಎರಡು ಊರುಗಳಲ್ಲಿ ಸಾವಾದಾಗ ಬಂದ ಪರವೂರಿನ ನೆಂಟರು ಒಂದು ಸಂಗತಿಗೆ ಸಿಟ್ಟಾಗುತ್ತಾರೆ. ಮುಂಚಿತವಾಗಿ ಕುಣಿ ತೋಡಿಸಿ ಇಡಬಾರದೆ, ಇದೆಂಥ ಸೋಮಾರಿತನ ಎಂದು ಬೈಯುತ್ತಾರೆ. ಊರವರು ಎದ್ದು ಹೆಣ ಹೊರುತ್ತಾರೆ. ಹೆಣ ಮಸಣಕ್ಕೆ ಬಂದು ನೆಲಕ್ಕೆ ಇಳಿದ ಮೇಲೆಯೇ ಅಲ್ಲಿ ಮೊದಲ ಗುದ್ದಲಿ ಏಳುತ್ತದೆ. ಕುಣಿ ತೋಡಿ ಮುಗಿಯುವವರೆಗೆ ಸತ್ತವರ ಮಕ್ಕಳು ಚಟ್ಟದ ಪಕ್ಕ ಬಿಸಿಲಲ್ಲಿ ಕೂತು, ಆ ಸದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು.